ಬುಷ್

(ನಾಮಪದ) ತಿರುಗುವ ಅಥವಾ ಅಲುಗುವ ಎರಡು ಲೋಹದ ಭಾಗಗಳ ನಡುವೆ ಕೂರಿಸುವ ಕೊಳವೆಯಾಕಾರದ ಬಿಡಿಭಾಗ. ಪೊದೆ ಎಂಬರ್ಥದ ಇಂಗ್ಲಿಷ್ ‘ಬುಷ್’ಗೂ ಇದಕ್ಕೂ ನಂಟಿಲ್ಲ. ಡಚ್ಚರ ‘ಬುಸ್ಸೆ’ ಇದರ ಮೂಲ. ಅದರ ಹಿಂದೆ ಲ್ಯಾಟಿನ್ನಿನ ‘ಬುಕ್ಸಿಸ್’, ಗ್ರೀಕಿನ ‘ಪುಕ್ಸಿಸ್’, ಅಂದರೆ ಮರದ ಡಬ್ಬಿ. ‘ಬಾಕ್ಸ್’ ಕೂಡ ಇದೇ ಮನೆತನದ್ದು.

ಪಾಂಡವಪುರ, ನಾಗಮಂಗಲದ ಕಡೆ ಪಂಪ್‌ಸೆಟ್ಟಿನ ಲೋಹದ ಬುಷ್ಷನ್ನು ಅರಿಯದ ರೈತರು ಕಡಿಮೆ. ಕಾರಿನ ಹಿಂದಿನ ಸಸ್ಪೆನ್ಷನ್ನಿನದು ಸಾಮಾನ್ಯವಾಗಿ ರಬ್ಬರಿನದು. ಜಕ್ಕನಹಳ್ಳಿಯಿಂದ ಮೇಲುಕೋಟೆಗೆ ಏರುವ ರಸ್ತೆಯಲ್ಲಿ ಹಂಪು ದಾಟುವಾಗ ಹಿಂದಿನಿಂದ ‘ಲೊಟಕ್’ ಎಂದರೆ, ತಿರುವಿನಲ್ಲಿ ಹಿಂಭಾಗ ಜಾರಿದಂತಾದರೆ, ಹಿಂದಿನ ಟೈರು ಒಂದೇ ಮಗ್ಗುಲಲ್ಲಿ ಸವೆದರೆ ಗ್ಯಾರೇಜಿನವರು ‘ಬುಷ್ ಹೋಗಿದೆ’ ಎನ್ನುತ್ತಾರೆ. ಶಬ್ದವೊಂದನ್ನೇ ನಂಬಬಾರದು, ಶಾಕ್ ಅಬ್ಸಾರ್ಬರ್ ಕೂಡ ಹೀಗೇ ಸದ್ದು ಮಾಡುತ್ತದೆ. ಕಾರನ್ನು ಎತ್ತಿ, ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ, ಸನ್ನೆಗೋಲಿನಿಂದ ಕೀಲನ್ನು ಮೀಟಿದಾಗ ರಬ್ಬರು ಬಾಯಿಬಿಟ್ಟರೆ ಅಥವಾ ಒಳಗಿನ ಕೊಳವೆಯಿಂದ ಕಳಚಿ ಬಂದರೆ ಅನುಮಾನವಿಲ್ಲ.

ಹಳೆಯದನ್ನು ಪ್ರೆಸ್ಸಿನಲ್ಲಿ ಒತ್ತಿ ತೆಗೆಯುವ ಮೊದಲು ಅದು ಕೂತ ದಿಕ್ಕನ್ನು ಗುರುತಿಸಬೇಕು. ಎಡಬಲ ಎರಡನ್ನೂ ಒಟ್ಟಿಗೇ ಬದಲಿಸುವುದು ವಾಡಿಕೆ. ಗಾಡಿಯ ಅಚ್ಚಿಗೆ ಕೀಲೆಣ್ಣೆ ಬಳಿದ ಅಭ್ಯಾಸದಲ್ಲಿ ಇದಕ್ಕೂ ಗ್ರೀಸ್ ಹಚ್ಚುವವರಿದ್ದಾರೆ. ಪೆಟ್ರೋಲಿಯಂ ಎಣ್ಣೆಗೆ ನೈಸರ್ಗಿಕ ರಬ್ಬರು ಊದಿ ಮೆದುವಾಗುತ್ತದೆ, ಹೊಸದನ್ನು ಕೂರಿಸಲು ಸಾಬೂನು ನೀರೇ ಸಾಕು. ಬೋಲ್ಟುಗಳ ಕೊನೆಯ ಬಿಗಿತ ಕಾರಿನ ಭಾರ ಚಕ್ರಗಳ ಮೇಲಿರುವಾಗಲೇ ಆಗಬೇಕು. ಚಕ್ರ ಜೋತಾಡುತ್ತಿರುವಾಗ ಬಿಗಿದರೆ, ಕಾರು ಇಳಿಸಿದೊಡನೆ ರಬ್ಬರು ತಿರುಚಿಕೊಂಡು, ನಿಂತಲ್ಲೇ ಸೆಳೆತಕ್ಕೆ ಸಿಕ್ಕಿ ಬೇಗನೆ ಹರಿಯುತ್ತದೆ.