ಕುದ್ರೋಳಿಯ ಶಿವಾಲಯ ಮತ್ತು ನಾರಾಯಣ ಗುರುಗಳ ಅದ್ವೈತ

ಅಣ್ಣ ಬಸವಣ್ಣನವರ ಸ್ಥಾವರ-ಜಂಗಮ ತತ್ತ್ವವನ್ನು ಅರಿತ ಭಕ್ತರಿಗೆ, ಮಂಗಳೂರಿನ ಕುದ್ರೋಳಿಯ ಚರಿತ್ರೆಯನ್ನು ಓದುವಾಗ ಒಂದು ಸಂದೇಹ ಏಳುವುದು ಸಹಜ. ಜಾತಿಯನ್ನು ಅಳಿಸಹೊರಟ ಮಹನೀಯರೊಬ್ಬರು ಇಪ್ಪತ್ತನೆಯ ಶತಮಾನದಲ್ಲಿ ದೇವಾಲಯಗಳನ್ನು ಕಟ್ಟಿಸುತ್ತ ನಡೆದುದೇಕೆ? ಶರಣರು ಯಾವುದನ್ನು ಬಿಟ್ಟು ಹೊರಬಂದರೋ ಅದರೊಳಕ್ಕೇ ಇವರು ಜನರನ್ನು ಕರೆದೊಯ್ದರೆ? ಈ ಸಂದೇಹಕ್ಕೆ ಉತ್ತರ ದೊರೆಯಬೇಕಾದರೆ ಘಟ್ಟವಿಳಿದು ಅಂದಿನ ಕರಾವಳಿಯನ್ನು ನೋಡಬೇಕು.

ತುಳುನಾಡಿನ ಬಿಲ್ಲವರು ಕೋಟಿ-ಚೆನ್ನಯರ ಗರಡಿಗಳನ್ನು ಕಾಪಾಡಿಕೊಂಡು ಬಂದವರು. ದೈವಗಳ ಸೇವೆಯಿಂದಲೇ 'ಪೂಜಾರಿ' ಎಂಬ ಹೆಸರು ಪಡೆದವರು. ಇಂತಹ ಪೂಜಾರಿಗಳಿಗೆ ದೇವಾಲಯದ ಬಾಗಿಲು ಮಾತ್ರ ಮುಚ್ಚಿತ್ತು! ತಾಳೆ, ತೆಂಗಿನ ಮರವೇರಿ ಕಳ್ಳಿಳಿಸುವ ಮೂರ್ತೆ ಕಸುಬು ಅವರಲ್ಲಿ ಬಹುಮಂದಿಗೆ ಜೀವನೋಪಾಯವಾಗಿತ್ತು. ಆ ಕಸುಬೇ ಅವರನ್ನು ಹೊರಗಿಡಲು ನೆಪವೂ ಆಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಶಾಲೆಯನ್ನೂ ಮುಂದೆ ನೇಯ್ಗೆ, ಹೆಂಚಿನ ಕಾರ್ಖಾನೆಗಳ ಕೆಲಸವನ್ನೂ ಕೊಟ್ಟಾಗ ಅನೇಕ ಬಿಲ್ಲವ ಕುಟುಂಬಗಳು ಆ ಕಡೆ ನಡೆದವು. ಇದನ್ನು ಮತಾಂತರವೆಂದು ಹಳಿಯುವವರು, ಅವರಿಗೆ ಮುಚ್ಚಿದ ಬಾಗಿಲು ಯಾರದೆಂಬುದನ್ನು ಮೊದಲು ಕೇಳಿಕೊಳ್ಳಬೇಕು.

ಇದೇ ಕಾಲದಲ್ಲಿ ದಕ್ಷಿಣದ ತಿರುವಾಂಕೂರಿನಲ್ಲಿ, ಬಿಲ್ಲವರಂತೆಯೇ ಮೂರ್ತೆ ಕಸುಬಿನ ಈಳವ ಸಮುದಾಯದಲ್ಲಿ ಹುಟ್ಟಿದ ನಾರಾಯಣ ಗುರುಗಳು 1888ರ ಶಿವರಾತ್ರಿಯಂದು ಅರುವಿಪುರದಲ್ಲಿ ನೆಯ್ಯಾರ್ ನದಿಯಿಂದ ಎತ್ತಿ ತಂದ ಒಂದು ಕಲ್ಲನ್ನು ಶಿವನೆಂದು ಪ್ರತಿಷ್ಠಾಪಿಸಿದ್ದರು. ಆ ಅಧಿಕಾರ ನಿಮಗೆಲ್ಲಿಯದೆಂದು ಕೇಳಿದವರಿಗೆ, ತಾವು ಪ್ರತಿಷ್ಠಾಪಿಸಿದ್ದು ಬ್ರಾಹ್ಮಣರ ಶಿವನನ್ನಲ್ಲವೆಂದು ಅವರು ಉತ್ತರಿಸಿದರೆಂಬುದು ಪ್ರತೀತಿ.

ಗುರುಗಳು ಸಂಸ್ಕೃತದಲ್ಲಿ 'ದರ್ಶನಮಾಲಾ', ಮಲಯಾಳದಲ್ಲಿ 'ಆತ್ಮೋಪದೇಶ ಶತಕ' ರಚಿಸಿದ ಅದ್ವೈತಿಗಳು. ಅದ್ವೈತವೇನೋ ನಾಡಿಗೆ ಹೊಸದಲ್ಲ. ಸರ್ವವೂ ಬ್ರಹ್ಮವೆಂದು ಪಾಠ ಹೇಳಿ, ಹೊರಗೆ ಬಂದೊಡನೆ ಮೈಲಿಗೆಯ ಲೆಕ್ಕ ಹಾಕುವವರೂ ಹೊಸಬರಲ್ಲ. ಗುರುಗಳ ವಿಶೇಷವೆಂದರೆ ಆ ತತ್ತ್ವವನ್ನು ಜಾತಿಯ ಪ್ರಶ್ನೆಗೆ ತರ್ಕಬದ್ಧವಾಗಿ ಅನ್ವಯಿಸಿದ್ದು. ಹಸುವಿಗೆ ಹಸುತನ ಹೇಗೋ ಹಾಗೆ ಮನುಷ್ಯನಿಗೆ ಮನುಷ್ಯತ್ವವೇ ಜಾತಿ. ಕೂಡಿ ತಮ್ಮಂತಹುದನ್ನೇ ಹೆರುವವೆಲ್ಲ ಒಂದೇ ಜಾತಿ ಎಂಬುದು ಅವರ ವಾದ. ಬ್ರಾಹ್ಮಣ, ಪುಲಯ ಎಂಬ ಭೇದ ಈ ಲಕ್ಷಣದ ಮುಂದೆ ನಿಲ್ಲಲಾರದು.

1908ರಲ್ಲಿ ತಲಶ್ಶೇರಿಯ ಜಗನ್ನಾಥ ದೇವಾಲಯದ ಪ್ರತಿಷ್ಠೆಯನ್ನು ಗುರುಗಳು ನೆರವೇರಿಸಿದರು. ಅದೇ ವರ್ಷ ಮಂಗಳೂರಿನ ಹೊಯಿಗೆ ಬಜಾರಿನ ಸಾಹುಕಾರ ಕೊರಗಪ್ಪನವರು ಮತ್ತು ಬಿಲ್ಲವ ಮುಖಂಡರ ಕೋರಿಕೆಯಂತೆ ಅವರು ಮಂಗಳೂರಿಗೂ ಬಂದರು. ಕುದ್ರೋಳಿಯಲ್ಲಿ ಸ್ಥಳ ಗೊತ್ತಾಯಿತು. 1912ರಲ್ಲಿ ಗುರುಗಳೇ ಮತ್ತೆ ಬಂದು ಅಲ್ಲಿ ಶಿವಲಿಂಗವನ್ನು ಪ್ರತಿಷ್ಠಾಪಿಸಿದರು. ಆ ಸ್ವಾಮಿಯೇ ಗೋಕರ್ಣನಾಥ. ಬೇರೆಯವರ ಅಂಗಳದಾಚೆ ನಿಂತು ಕೈಮುಗಿಯುತ್ತಿದ್ದವರು ತಮ್ಮದೇ ದೇವರ ಎದುರಿನಲ್ಲಿ ನಿಂತರು.

ಆದರೆ ಗುರುಗಳು ಕೊಟ್ಟುದಷ್ಟೇ ಅಲ್ಲ, ಬಿಡಿಸಹೊರಟದ್ದೂ ಇತ್ತು. ಪ್ರಾಣಿಬಲಿ ಬೇಡವೆಂದರು, ಕಳ್ಳು ತೆಗೆಯಬಾರದು, ಕೊಡಬಾರದು, ಕುಡಿಯಬಾರದೆಂದರು. ಮರವೇರಿಯೇ ಹೊಟ್ಟೆ ಹೊರೆಯುವ ಮನೆಗೆ ಈ ಉಪದೇಶ ಹಗುರವಾದುದಲ್ಲ. ಆದುದರಿಂದಲೇ ಅವರು ವಿದ್ಯೆ, ಸಂಘಟನೆ, ಕೈಗಾರಿಕೆಗಳನ್ನೂ ಜೊತೆಯಲ್ಲಿಯೇ ಬೋಧಿಸಿದರು. ಹೊಟ್ಟೆಪಾಡನ್ನು ಮರೆತ ಸುಧಾರಣೆ ಬರಿಯ ಮಾತಾಗುತ್ತದೆಂಬುದು, ಕಾಯಕದ ಬೆಲೆಯನ್ನು ಬಲ್ಲ ಶರಣಮಾರ್ಗದವರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ.

ಮೊದಲಿನ ಸಂದೇಹಕ್ಕೆ ಉತ್ತರ ಇಲ್ಲಿಯೇ ಇದೆ. ದೇವಾಲಯವು ದೊಡ್ಡದಲ್ಲವೆಂದು ಒಳಗಿದ್ದವನು ಹೇಳುವುದು ವೈರಾಗ್ಯ. ಹೊರಗೆ ತಳ್ಳಲ್ಪಟ್ಟವನಿಗೆ ಅದೇ ಮಾತನ್ನು ಉಪದೇಶಿಸಿದರೆ, ಅವನು ಇದ್ದಲ್ಲಿಯೇ ಇರಲೆಂದು ಹೇಳಿದಂತಾಗುತ್ತದೆ. ಗುರುಗಳು ಈ ಅಂತರವನ್ನು ಅರಿತಿದ್ದರು. ಗುಡಿಯಲ್ಲಿಯೇ ನಿಲ್ಲುವ ಉದ್ದೇಶವೂ ಅವರಿಗೆ ಇರಲಿಲ್ಲ. ಮುಂದೆ ಗುಡಿಗಿಂತ ಶಾಲೆಯೇ ಮುಖ್ಯವೆಂದು ಸಾರಿದರು. 1927ರಲ್ಲಿ ಕಳವಂಕೋಡದಲ್ಲಿ ಪ್ರತಿಷ್ಠೆಗೆ ಕರೆದಾಗ ವಿಗ್ರಹಕ್ಕೆ ಬದಲಾಗಿ ಕನ್ನಡಿಯನ್ನಿರಿಸಿದರು. ಬಂದ ಭಕ್ತನಿಗೆ ಅಲ್ಲಿ ಕಾಣುವುದು ಅವನದೇ ಮುಖ. ದೇಹವನ್ನೇ ದೇಗುಲವೆಂದ ಅಣ್ಣನವರ ನಿಲುವಿಗೆ ಇದು ಎಷ್ಟು ಹತ್ತಿರ!

ಒಂದು ವಿಷಾದದ ಸಂಗತಿಯನ್ನೂ ಹೇಳಬೇಕು. ತಮಗೆ ಯಾವ ಜಾತಿಯೂ ಇಲ್ಲವೆಂದು ಗುರುಗಳು 1916ರಲ್ಲಿ ಬಹಿರಂಗವಾಗಿ ಪ್ರಕಟಿಸಿದರು. ತಮ್ಮ ಆಶೀರ್ವಾದದಿಂದ 1903ರಲ್ಲಿ ಹುಟ್ಟಿದ ಧರ್ಮಪರಿಪಾಲನಾ ಸಂಘವೂ ಒಂದು ಜಾತಿಯ ಸಂಘವಾಗುತ್ತಿದೆಯೆಂದು ನೊಂದು ಅದರಿಂದ ದೂರ ಸರಿದರು. ಹಾಗಿದ್ದೂ 1928ರಲ್ಲಿ ಅವರು ಸಮಾಧಿಸ್ಥರಾದ ಬಳಿಕ ಅವರನ್ನು ಒಂದು ಸಮುದಾಯದ ಗುರುವೆಂದೇ ಕರೆಯುವ ರೂಢಿ ಬೆಳೆಯಿತು. ಬಸವಣ್ಣನವರಿಗೂ ನಾವು ಮಾಡಿದ್ದು ಇದನ್ನೇ ಅಲ್ಲವೆ?

ಕುದ್ರೋಳಿಯ ಗುಡಿ ಜೀರ್ಣೋದ್ಧಾರಗೊಂಡು 1991ರಲ್ಲಿ ರಾಜೀವ್ ಗಾಂಧಿಯವರಿಂದ ಉದ್ಘಾಟನೆಯಾಯಿತು. ಅಲ್ಲಿನ ದಸರಾ ಉತ್ಸವ ಈಗ ನಾಡಿಗೇ ಪರಿಚಿತ. ಅದಕ್ಕಿಂತ ಸ್ಮರಣೀಯವಾದುದು 2013ರ ಅಕ್ಟೋಬರ್ ತಿಂಗಳಲ್ಲಿ ನಡೆಯಿತು. ಶುಭಕಾರ್ಯಗಳಲ್ಲಿ ಎದುರಿಗೆ ಬರಬಾರದೆಂದು ಲೋಕವು ಮೂಲೆಗೆ ಕೂರಿಸುವ ವಿಧವೆಯರಲ್ಲಿ ಇಬ್ಬರನ್ನು ಆ ಕ್ಷೇತ್ರವು ಅರ್ಚಕಿಯರನ್ನಾಗಿ ನೇಮಿಸಿತು. ಗುರುಗಳು ಲಿಂಗವನ್ನಿರಿಸಿ ನೂರೊಂದು ವರ್ಷಗಳಾಗಿದ್ದವು. ಅಂದು ಆ ಸನ್ನಿಧಿಯಲ್ಲಿ ಆರತಿಯ ತಟ್ಟೆ ಅವರ ಕೈಯಲ್ಲಿತ್ತು.