ಅಗ್ಗದ ಬೆಲೆ ಯಾರ ಲೆಕ್ಕಕ್ಕೆ?

ಬೇಳೆಯ ಬೆಲೆ ಎರಡು ರೂಪಾಯಿ ಇಳಿದರೆ ನಮಗೆ ಹಿಗ್ಗು. ಆ ಎರಡು ರೂಪಾಯಿ ಯಾರ ಕೈಯಿಂದ ಹೋಯಿತೆಂದು ನಾವು ಕೇಳುವುದು ಕಡಿಮೆ. ಬ್ರಿಟನ್ನಿನಲ್ಲಿ ಈ ಪ್ರಶ್ನೆಯನ್ನು ಸರ್ಕಾರವೇ ಕೇಳಬೇಕಾಯಿತು.

ಅಲ್ಲಿ ದಿನಸಿ ವ್ಯಾಪಾರದ ಬಹುಪಾಲು ಕೆಲವೇ ಸೂಪರ್ ಮಾರ್ಕೆಟ್ ಕಂಪನಿಗಳ ಕೈಯಲ್ಲಿದೆ. ಒಪ್ಪಿದ ಕರಾರನ್ನು ಆಮೇಲೆ ಬದಲಿಸುವುದು, ರಿಯಾಯಿತಿ ಮಾರಾಟದ ಖರ್ಚನ್ನು ಮಾಲು ಒದಗಿಸುವವರ ತಲೆಗೆ ಕಟ್ಟುವುದು, ಇಂಥವೆಲ್ಲ 2000ದಲ್ಲಿ ಸ್ಪರ್ಧಾ ಆಯೋಗದ ವರದಿಯಿಂದ ಹೊರಬಂದವು. 2002ರಲ್ಲಿ ನೀತಿಸಂಹಿತೆಯೂ ಬಂತು. ಆದರೆ ದೂರು ಕೊಡಲು ಮುಂದೆ ಬಂದವರು ತೀರ ಕಡಿಮೆ. ದೊಡ್ಡ ಗಿರಾಕಿ ಮುನಿಸಿಕೊಂಡು ಖರೀದಿ ನಿಲ್ಲಿಸಿದರೆ ಬೆಳೆದ ತರಕಾರಿಯನ್ನು ಎಲ್ಲಿಗೆ ಒಯ್ಯುವುದು? ತರಗತಿಯಲ್ಲಿ ಪುಂಡನ ಹೆಸರು ಹೇಳಲು ಮಕ್ಕಳು ಹೆದರುವುದನ್ನು ಕಂಡ ನನಗೆ ಈ ಭಯ ಹೊಸದಲ್ಲ.

2008ರಲ್ಲಿ ಆಯೋಗ ಮತ್ತೊಂದು ವರದಿ ಕೊಟ್ಟಿತು. 2010ರಲ್ಲಿ ಇನ್ನಷ್ಟು ಬಿಗಿಯಾದ ಸಂಹಿತೆ ಜಾರಿಯಾಯಿತು. ಅದನ್ನು ಕಾಯಲು 2013ರ ಕಾಯಿದೆ ಒಬ್ಬ ಅಧಿಕಾರಿಯನ್ನು ನೇಮಿಸಿತು. ದೂರು ಕೊಟ್ಟವರ ಹೆಸರನ್ನು ಗುಟ್ಟಾಗಿಡಬೇಕೆಂಬುದೇ ಆ ಕಾಯಿದೆಯ ಜೀವಾಳ. ಆ ಹುದ್ದೆಗೆ ಮೊದಲು ಬಂದವರು ಕ್ರಿಸ್ಟೀನ್ ಟೇಕನ್ ಎಂಬ ಮಹಿಳೆ. ಟೆಸ್ಕೊ ಕಂಪನಿ ಮಾಲು ಕೊಟ್ಟವರ ಹಣವನ್ನು ಗೊತ್ತಿದ್ದೇ ತಡಮಾಡಿತೆಂದು 2016ರಲ್ಲಿ ಅವರು ತೀರ್ಮಾನ ಕೊಟ್ಟರು. ದಂಡ ವಿಧಿಸುವ ಅಧಿಕಾರ ಬಂದದ್ದು 2015ರಲ್ಲಿ. ಅದಕ್ಕೂ ಹಿಂದಿನ ತಪ್ಪಾದ್ದರಿಂದ ದಂಡ ಬೀಳಲಿಲ್ಲ. ಆದರೂ ಸತ್ಯ ಬಯಲಾಯಿತು.

ಅಗ್ಗ ಬೇಡವೆಂದು ನಾನು ಹೇಳುವುದಿಲ್ಲ. ತಿಂಗಳ ಸಂಬಳದಲ್ಲಿ ಮನೆ ತೂಗಿಸಿದವಳು ನಾನು. ಅಂಗಡಿ ಅಂಗಡಿಗಳ ನಡುವೆ ಪೈಪೋಟಿ ಇರಲಿ. ಅದರ ಖರ್ಚು ಮಾತ್ರ ಬಾಯಿಬಿಡಲಾರದವರ ಹೆಗಲಿಗೆ ಬೀಳದಿರಲಿ.