ಬಾಗಿಲು ಕಾಯುವ ಬೇತಾಳ, ಚಹಾ ತರುವ ಗೊಂಬೆ

ಜಪಾನಿನ ಚೀಬಾ ಪ್ರಾಂತ್ಯದ ಕೋಫುಕುಜಿ ಎಂಬ ಬೌದ್ಧ ದೇವಾಲಯದಲ್ಲಿ ರೋಬೋ ನಾಯಿಗಳಿಗೆ ಉತ್ತರಕ್ರಿಯೆ ನಡೆದಿದೆ. ಸೋನಿ ಕಂಪನಿ 1999ರಲ್ಲಿ ‘ಐಬೋ’ ಎಂಬ ಯಂತ್ರನಾಯಿಯನ್ನು ಮಾರಾಟಕ್ಕೆ ತಂದಾಗ ಜಪಾನಿನ ಪಾಲಿನ ಮೂರು ಸಾವಿರ ನಾಯಿಗಳು ಇಪ್ಪತ್ತೇ ನಿಮಿಷಗಳಲ್ಲಿ ಖರ್ಚಾಗಿದ್ದವು. 2014ರಲ್ಲಿ ಕಂಪನಿ ಅವುಗಳ ರಿಪೇರಿ ನಿಲ್ಲಿಸಿತು. ಕೆಟ್ಟು ನಿಂತ ನಾಯಿಗಳನ್ನು ಸಾಲಾಗಿ ಕೂರಿಸಿ, ಧೂಪ ಹಚ್ಚಿ, ಅರ್ಚಕರು ಮಂತ್ರ ಹೇಳಿದರು.

ಈ ಸುದ್ದಿ ಕೇಳಿದವರೆಲ್ಲ ನಗುತ್ತಾರೆ. ನನಗೆ ಮಾತ್ರ ನಗಲು ಧೈರ್ಯ ಬರುವುದಿಲ್ಲ. ಆಯುಧಪೂಜೆಯ ದಿನ ಬಸ್ಸಿಗೆ ಬಾಳೆಕಂಬ ಕಟ್ಟಿ, ಲೇತ್ ಮೆಷಿನ್ನಿಗೆ ಕುಂಕುಮ ಹಚ್ಚಿ, ಕಂಪ್ಯೂಟರಿಗೆ ಮಂಗಳಾರತಿ ಎತ್ತುವ ನಾಡಿನವರು ನಾವು. ಯಂತ್ರದಲ್ಲಿ ಜೀವವೊಂದನ್ನು ಕಾಣುವುದು ನಮಗೇನೂ ಹೊಸದಲ್ಲ. ಹಾಗಿದ್ದ ಮೇಲೆ ಅವರ ಆಟಿಕೆಗಳು ಕಾರ್ಖಾನೆಗಳಾದವು, ನಮ್ಮವು ಯಾಕೆ ಕತೆಗಳಾಗಿಯೇ ಉಳಿದವು?

ಉತ್ತರ ಹುಡುಕಲು ನಾನು ದೊಡ್ಡಗದ್ದವಳ್ಳಿಯಿಂದ ಹೊರಡುತ್ತೇನೆ. ಹಾಸನದಿಂದ ಬೇಲೂರಿಗೆ ಹೋಗುವ ಪ್ರವಾಸಿಗರು ಸಾಮಾನ್ಯವಾಗಿ ಬಿಟ್ಟುಹೋಗುವ ಊರು ಇದು. ವಿಷ್ಣುವರ್ಧನನ ಕಾಲದಲ್ಲಿ, 1113-14ರ ಸುಮಾರಿಗೆ, ಕುಲ್ಲಹಣ ರಾಹುತನೆಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ ಇಲ್ಲಿ ಲಕ್ಷ್ಮೀದೇವಿಯ ಗುಡಿ ಕಟ್ಟಿಸಿದರು. ನಾಲ್ಕು ಗರ್ಭಗುಡಿಗಳ ಅಪರೂಪದ ಹೊಯ್ಸಳ ದೇಗುಲವಿದು. ಕಾಳಿಯ ಗುಡಿಯ ಬಾಗಿಲ ಎರಡೂ ಕಡೆ ಆಳೆತ್ತರದ ಬೇತಾಳಗಳು ನಿಂತಿವೆ. ಮೈಮೇಲೆ ಬಟ್ಟೆಯಿಲ್ಲ, ಪಕ್ಕೆಲುಬು ಎಣಿಸಬಹುದು. ಜೀವ ಹೋದ ದೇಹ ಎದ್ದು ನಿಂತು ಹೇಳಿದ ಕೆಲಸ ಮಾಡುತ್ತದೆ ಎನ್ನುವುದು ಬೇತಾಳನ ಕಲ್ಪನೆ. ರೋಬೋ ಎನ್ನುವುದರ ಕಲ್ಪನೆಯೂ ಅದಕ್ಕಿಂತ ತೀರಾ ದೂರದ್ದಲ್ಲ.

ಈ ಗುಡಿಗೆ ಸುಮಾರು ಅರವತ್ತು-ಎಪ್ಪತ್ತು ವರ್ಷ ಮೊದಲು, ಧಾರಾನಗರದ ಭೋಜರಾಜನ ಹೆಸರಿನಲ್ಲಿರುವ ‘ಸಮರಾಂಗಣ ಸೂತ್ರಧಾರ’ದಲ್ಲಿ ಯಂತ್ರಗಳಿಗೇ ಒಂದು ಅಧ್ಯಾಯ ಮೀಸಲಾಗಿತ್ತು. ಕುಣಿಯುವ ಗೊಂಬೆಗಳು, ಹಾರುವ ಮರದ ಹಕ್ಕಿ, ಕೈಯಲ್ಲಿ ಆಯುಧ ಹಿಡಿದು ಒಳಗೆ ಬರುವವರನ್ನು ತಡೆಯುವ ಮರದ ದ್ವಾರಪಾಲಕ, ಎಲ್ಲವೂ ಅಲ್ಲಿವೆ. ಆದರೆ ಇವನ್ನು ಮಾಡುವ ಬಗೆ ಅಲ್ಲಿ ಪೂರ್ತಿಯಾಗಿ ಸಿಗುವುದಿಲ್ಲ. ವಿವರ ಹೇಳದಿರುವುದು ಅಜ್ಞಾನದಿಂದಲ್ಲ, ಗುಟ್ಟು ಕಾಯುವುದಕ್ಕಾಗಿ ಎಂದು ಗ್ರಂಥವೇ ಹೇಳಿಬಿಡುತ್ತದೆ. ಬಯಲಾದ ಯಂತ್ರ ಫಲ ಕೊಡುವುದಿಲ್ಲ ಎಂಬ ನಂಬಿಕೆ ಅದು.

ಈ ಒಂದು ಮಾತಿನ ಎದುರಿಗೆ ನಾನು ಜಪಾನಿನ ಒಂದು ಪುಸ್ತಕವನ್ನು ಇಡುತ್ತೇನೆ. ತೋಸಾ ಪ್ರಾಂತ್ಯದ ಹೊಸೊಕಾವಾ ಹಾನ್‌ಜೊ 1796ರಲ್ಲಿ ‘ಕರಕುರಿ ಝುಯಿ’ ಎಂಬ ಮೂರು ಸಂಪುಟಗಳ ಸಚಿತ್ರ ಕೈಪಿಡಿ ಪ್ರಕಟಿಸಿದ. ಗಡಿಯಾರಗಳ ಜೊತೆಗೆ ಯಂತ್ರಗೊಂಬೆಗಳನ್ನು ಮಾಡುವ ವಿಧಾನ ಅದರಲ್ಲಿದೆ. ಅವುಗಳಲ್ಲಿ ಪ್ರಸಿದ್ಧವಾದದ್ದು ಚಹಾ ತರುವ ಗೊಂಬೆ. ತಟ್ಟೆಯ ಮೇಲೆ ಬಟ್ಟಲಿಟ್ಟರೆ ಅತಿಥಿಯ ಕಡೆಗೆ ನಡೆಯುತ್ತದೆ. ಬಟ್ಟಲೆತ್ತಿದರೆ ನಿಲ್ಲುತ್ತದೆ. ಖಾಲಿ ಬಟ್ಟಲನ್ನು ಮರಳಿ ಇಟ್ಟರೆ ತಿರುಗಿ ಹೋಗುತ್ತದೆ. ಒಳಗಿರುವುದು ಮರದ ಹಲ್ಲುಚಕ್ರಗಳು ಮತ್ತು ತಿಮಿಂಗಿಲದ ಬಾಯಿಯ ಪಟ್ಟಿಯಿಂದ ಮಾಡಿದ ಸ್ಪ್ರಿಂಗು. ಚಕ್ರಗಳ ಚಿತ್ರ, ಅಳತೆ ಎಲ್ಲವೂ ಪುಸ್ತಕದಲ್ಲಿದ್ದವು. ಕೈಚಳಕವಿದ್ದ ಯಾವ ಬಡಗಿಯೂ ಅದನ್ನು ನೋಡಿ ಗೊಂಬೆ ಕಟ್ಟಬಹುದಿತ್ತು. ಎರಡು ಶತಮಾನಗಳ ನಂತರವೂ ಹಾಗೆ ಕಟ್ಟಿದ್ದಾರೆ.

ಅದೇ 1790ರ ದಶಕದಲ್ಲಿ ಶ್ರೀರಂಗಪಟ್ಟಣದಲ್ಲೂ ಒಂದು ಯಂತ್ರವಿತ್ತು, ಟಿಪ್ಪುವಿನ ಮರದ ಹುಲಿ. ಹಿಡಿ ತಿರುವಿದರೆ ಹುಲಿ ಗುರ್ರೆನ್ನುತ್ತಿತ್ತು, ಅದರಡಿ ಬಿದ್ದ ಯೂರೋಪಿಯನ್ ಸೈನಿಕನ ಕೈ ಮೇಲೆ ಕೆಳಗೆ ಆಡುತ್ತಿತ್ತು, ಬಾಯಿಂದ ನರಳುವ ಸದ್ದು ಬರುತ್ತಿತ್ತು. ಹುಲಿಯ ಹೊಟ್ಟೆಯೊಳಗೆ ನುಡಿಸಬಹುದಾದ ಹದಿನೆಂಟು ಕೀಲಿಗಳ ಪುಟ್ಟ ಆರ್ಗನ್ ಕೂಡ ಇತ್ತು. 1799ರ ಮೇ 4ರಂದು ಟಿಪ್ಪು ಮಡಿದ. ಹುಲಿ ಲಂಡನ್ನಿಗೆ ಹೋಯಿತು. 1808ರಿಂದ ಈಸ್ಟ್ ಇಂಡಿಯಾ ಕಂಪನಿಯ ಕಟ್ಟಡದಲ್ಲಿ ಪ್ರದರ್ಶನಕ್ಕಿಟ್ಟಾಗ ನೋಡಲು ಬಂದವರೆಲ್ಲ ಹಿಡಿ ತಿರುವಿ ತಿರುವಿ, ಪಕ್ಕದ ಗ್ರಂಥಾಲಯದಲ್ಲಿ ಓದುವವರ ತಲೆ ಕೆಡಿಸಿದರಂತೆ. ಈಗ ಅದು ಅಲ್ಲಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಮಾಡಿದ ಕುಶಲಕರ್ಮಿಗಳ ಹೆಸರು ಉಳಿದಿಲ್ಲ.

ಅದೇ 1799ರ ಅಕ್ಟೋಬರಿನಲ್ಲಿ ಜಪಾನಿನ ಕುರುಮೆಯಲ್ಲಿ, ಆಮೆಚಿಪ್ಪಿನ ಕೆಲಸ ಮಾಡುವವನ ಮನೆಯಲ್ಲಿ ತನಾಕಾ ಹಿಸಾಶಿಗೆ ಹುಟ್ಟಿದ. ಮೊದಮೊದಲು ಅವನೂ ಗೊಂಬೆಗಳನ್ನೇ ಮಾಡಿದ್ದು. ಬಾಣ ತೆಗೆದು ಬಿಡುವ ಹುಡುಗನ ಗೊಂಬೆ ಅವನದೇ. 1851ರಲ್ಲಿ ಅದ್ಭುತವಾದ ಗಡಿಯಾರವೊಂದನ್ನು ಕಟ್ಟಿದ. ಮುಂದೆ ಹಬೆ ಎಂಜಿನ್ನಿನ ಮಾದರಿಗಳಿಗೆ, ಟೆಲಿಗ್ರಾಫ್ ಉಪಕರಣಗಳಿಗೆ ಕೈಹಾಕಿದ. 1875ರಲ್ಲಿ ಟೋಕಿಯೋದ ಗಿಂಜಾದಲ್ಲಿ ಅಂಗಡಿ ತೆರೆದ. ಇಂದಿನ ತೋಶಿಬಾ ಕಂಪನಿಯ ಬೇರು ಆ ಅಂಗಡಿಯಲ್ಲಿದೆ.

ಇಷ್ಟನ್ನು ಹೇಳಿ, ಬ್ರಿಟಿಷರು ಬಂದರು, ನಮ್ಮದು ಮುಗಿಯಿತು ಎಂದುಬಿಡುವುದು ಸುಲಭ. ಅದು ನಿಜವೂ ಹೌದು. ಅರಮನೆ ಲೂಟಿಯಾದ ಮೇಲೆ ಅದರ ಕಾರ್ಖಾನೆಗಳನ್ನು ಸಾಕುವವರು ಯಾರು? ಆದರೆ ಪೂರ್ತಿ ನಿಜವಲ್ಲ. ಟಿಪ್ಪುವಿನ ಹುಲಿ ಒಬ್ಬ ದೊರೆಗಾಗಿ ಮಾಡಿದ ಒಂದೇ ಒಂದು ಹುಲಿ. ದೊರೆ ಹೋದಾಗ ಅದೂ ಹೋಯಿತು. ಹಾನ್‌ಜೊನ ಗೊಂಬೆ ಪುಸ್ತಕದ ಅಂಗಡಿಯಲ್ಲಿತ್ತು. ಅದನ್ನು ಲೂಟಿ ಮಾಡುವುದು ಹೇಗೆ?

ಕೈಕೆಲಸ ಬಯಲಿಗೆ ಬಂದ ಕಡೆ ನಮ್ಮಲ್ಲೂ ಅದು ಬದುಕಿದೆ. ಚನ್ನಪಟ್ಟಣವನ್ನೇ ನೋಡಿ. ಟಿಪ್ಪು ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದನೆಂದೂ, ಮುಂದೆ ಬಾವಾಸ್ ಮಿಯಾ ಎಂಬವರು ಜಪಾನಿನ ಗೊಂಬೆ ತಯಾರಿಕೆಯ ತಂತ್ರವನ್ನು ಇಲ್ಲಿಗೆ ಹೊಂದಿಸಿಕೊಂಡರೆಂದೂ ಅಲ್ಲಿ ಹೇಳಿಕೊಂಡು ಬಂದಿದ್ದಾರೆ. ತಿರುಗುವ ಆಲೆಮರದ ತುಂಡಿಗೆ ಬಣ್ಣದ ಅರಗು ಒತ್ತಿ, ಗರಿಯಿಂದ ಹೊಳಪು ಕೊಡುವ ಆ ಕೆಲಸ ಒಬ್ಬರ ಗುಟ್ಟಾಗಿ ಉಳಿಯಲಿಲ್ಲ, ಓಣಿ ಓಣಿಗೆ ಹಬ್ಬಿತು. 1898ರಲ್ಲೇ ಜಪಾನಿಗೆ ಹೋಗಿಬಂದ ವಿಶ್ವೇಶ್ವರಯ್ಯನವರು ಮುಂದೆ ಮೈಸೂರಿನ ದಿವಾನರಾದಾಗ ಶಾಲೆ, ಕೈಗಾರಿಕೆ ಎಂದು ಒಂದೇ ಸಮನೆ ಹೇಳುತ್ತಿದ್ದುದೂ ಈ ಬಯಲಿನ ಮಾತೇ. ಇವತ್ತು ಅದೇ ಮೈಸೂರು ರಸ್ತೆಯ ಬಿಡದಿಯಲ್ಲಿ ಟೊಯೊಟಾದ ಕಾರ್ಖಾನೆಯಿದೆ. ನಮ್ಮ ಹುಡುಗರು ಅಲ್ಲಿ ಜಪಾನಿನವರ ಕ್ರಮದಲ್ಲಿ ಕಾರು ಜೋಡಿಸುತ್ತಾರೆ. ಮುಂದೆ ಹೋದರೆ ಗೊಂಬೆಯ ಅಂಗಡಿಗಳು ಸಿಗುತ್ತವೆ.

ದೊಡ್ಡಗದ್ದವಳ್ಳಿಯ ಗುಡಿಯೊಳಗೆ ಬೇತಾಳಗಳಷ್ಟೇ ನನ್ನನ್ನು ಹಿಡಿದು ನಿಲ್ಲಿಸುವುದು ಅಲ್ಲಿನ ಕಂಬಗಳು. ಬಳಪದ ಕಲ್ಲನ್ನು ತಿರುಗಿಸುತ್ತಾ ಕಡೆದ, ಬಳೆಬಳೆಯಾಗಿ ಹೊಳೆಯುವ ಕಂಬಗಳು. ಅಷ್ಟು ಭಾರದ ಕಲ್ಲನ್ನು ತಿರುಗಿಸಿದವರು ಯಂತ್ರ ಬಲ್ಲವರೇ ಆಗಿದ್ದರು. ಶಾಸನ ಬರೆಸಿದವರು ದಾನಿಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿದರು. ಪಕ್ಕದಲ್ಲಿ ಆ ಯಂತ್ರದ ಒಂದು ಗೆರೆಚಿತ್ರವನ್ನೂ ಕೆತ್ತಿಸಿದ್ದರೆ ಎಷ್ಟು ಜಾಗ ಬೇಕಾಗುತ್ತಿತ್ತು?